ರೇಂಜರ್ಸ್–ಸೆಲ್ಟಿಕ್: ಜಗಳಕ್ಕೆ ಮೊದಲು ಸಂಬಳದ ಲೆಕ್ಕ

ಸ್ಕಾಟ್ಲೆಂಡಿನ ಗ್ಲಾಸ್ಗೋದ ಈ ಎರಡು ಫುಟ್ಬಾಲ್ ಕ್ಲಬ್‌ಗಳ ಹಗೆತನದಲ್ಲಿ ಧರ್ಮವಿದೆ, ಐರಿಶ್ ವಲಸೆಯಿದೆ. ಅದನ್ನು ಇಲ್ಲಿ ಮುಟ್ಟುವುದಿಲ್ಲ. ತೆರಿಗೆ ಉಳಿಸುವ ಉಪಾಯದಿಂದ ಸಂಬಳ ಕೊಟ್ಟ ಕಾಲದಲ್ಲಿ ರೇಂಜರ್ಸ್ ಗೆದ್ದ ಟ್ರೋಫಿಗಳ ಬಗ್ಗೆ ಅಭಿಮಾನಿಗಳು ಇವತ್ತಿಗೂ ಕಿತ್ತಾಡುವ "ಆ ಟ್ರೋಫಿಗಳು ನ್ಯಾಯವಾಗಿ ಬಂದವೇ?" ಎಂಬ ಪ್ರಶ್ನೆ ಮಾತ್ರ ಬಿಡಿಸೋಣ.

ಸೆಲ್ಟಿಕ್ ಐದು ಪೌಂಡ್ ಖರ್ಚು ಮಾಡಿದರೆ ನಾವು ಹತ್ತು ಮಾಡುತ್ತೇವೆ ಎಂದಿದ್ದರು ರೇಂಜರ್ಸ್ ಮಾಲೀಕ ಡೇವಿಡ್ ಮರ್ರೆ. 2000ದಲ್ಲಿ ಟೋರೆ ಆಂದ್ರೆ ಫ್ಲೋ ಎಂಬ ಆಟಗಾರನಿಗೆ 1.2 ಕೋಟಿ ಪೌಂಡ್ ಸುರಿದರು. ಸ್ಕಾಟ್ಲೆಂಡಿನ ಟಿವಿ ಹಣ ಇಂಗ್ಲೆಂಡಿನದರ ಮುಂದೆ ತೀರಾ ಕಡಿಮೆ. ಹಾಗಾಗಿ ಸಂಬಳದಲ್ಲಿ ಉಳಿಸುವ ದಾರಿ ಬೇಕಿತ್ತು.

ಎಲ್ಲರೂ ಎಡವುವ ಹೆಜ್ಜೆ ಇದು, ನಿಧಾನವಾಗಿ ನೋಡಿ. ಆಟಗಾರ ಕೇಳುವುದು ಕೈಗೆ ಸಿಗುವ ಹಣ. 6 ಲಕ್ಷ ಪೌಂಡ್ ಕೈಗೆ ಬೇಕು, ತೆರಿಗೆ 40% ಎಂದಿಟ್ಟುಕೊಳ್ಳಿ. 6 ಲಕ್ಷಕ್ಕೆ 40% ಸೇರಿಸಿ 8.4 ಲಕ್ಷ ಎಂದರೆ ತಪ್ಪು: 8.4 ಲಕ್ಷದಲ್ಲಿ 40% ಕಳೆದರೆ ಉಳಿಯುವುದು 5.04 ಲಕ್ಷ ಮಾತ್ರ. ತೆರಿಗೆ ಬೀಳುವುದು ಪೂರ್ತಿ ಸಂಬಳದ ಮೇಲೆ. ಆದ್ದರಿಂದ 6 ಲಕ್ಷವನ್ನು 0.6ರಿಂದ ಭಾಗಿಸಬೇಕು. ಕ್ಲಬ್ ಕೊಡಬೇಕಾದದ್ದು 10 ಲಕ್ಷ.

ಈಗ ರೇಂಜರ್ಸ್ ಹಿಡಿದ ದಾರಿ ನೋಡಿ. ಆ 6 ಲಕ್ಷವನ್ನು ಒಂದು ಟ್ರಸ್ಟಿಗೆ ಹಾಕಿ, ಟ್ರಸ್ಟಿನಿಂದ ಆಟಗಾರನಿಗೆ "ಸಾಲ" ಕೊಡಿಸಿ. ಸಾಲಕ್ಕೆ ಸಂಬಳದ ತೆರಿಗೆಯಿಲ್ಲ, 6 ಲಕ್ಷಕ್ಕೇ ಕೆಲಸ ಮುಗಿಯಿತು. ಮಗ್ಗುಲು ಬದಲಿಸಿ ನೋಡಿದರೆ, 10 ಲಕ್ಷವಿರುವ ಕ್ಲಬ್ಬು 6ರ ಬದಲು 10 ಲಕ್ಷವನ್ನೇ ಆಟಗಾರನ ಕೈಗಿಡಬಹುದು. ಸೆಲ್ಟಿಕ್ ಅಭಿಮಾನಿಗಳ ಸಿಟ್ಟಿನ ಬೇರು ಇದೇ: ತಮ್ಮ ಕ್ಲಬ್ಬಿಗೆ ಎಟುಕದ ಆಟಗಾರರು ಎದುರಾಳಿಗೆ ಎಟುಕಿದರು. ನನಗೆ ಈ ಸಿಟ್ಟು ನ್ಯಾಯವೆಂದೇ ಅನಿಸುತ್ತದೆ. (ಒಬ್ಬ ಆಟಗಾರ, ಜುನಿನ್ಯೊಗೆ ಸೆಲ್ಟಿಕ್ ಕೂಡ ಇಂಥದೇ ಟ್ರಸ್ಟ್ ಮಾಡಿತ್ತು, ಆಮೇಲೆ ತೆರಿಗೆ ಕಟ್ಟಿತು.)

ಈ ಹಣದ ಬಗ್ಗೆ ಆಟಗಾರರಿಗೆ ಕೊಟ್ಟ ಗುಟ್ಟಿನ ಪತ್ರಗಳನ್ನು ಮುಚ್ಚಿಟ್ಟದ್ದಕ್ಕೆ 2013ರಲ್ಲಿ ಲೀಗ್ ನೇಮಿಸಿದ ನಿಮ್ಮೊ ಸ್ಮಿತ್ ಆಯೋಗವು ರೇಂಜರ್ಸ್‌ನ ಹಳೆಯ ಕಂಪನಿಗೆ 2.5 ಲಕ್ಷ ಪೌಂಡ್ ದಂಡ ಹಾಕಿತು, ಟ್ರೋಫಿ ಕಿತ್ತುಕೊಳ್ಳಲಿಲ್ಲ. ಆ "ಸಾಲ" ನಿಜವಾಗಿ ದುಡಿಮೆಯ ಸಂಬಳವೇ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜುಲೈನಲ್ಲಿ. ಟ್ರೋಫಿಗಳ ವಾದ ಮತ್ತೆ ಹೊತ್ತಿಕೊಂಡದ್ದು ಅದಕ್ಕೇ.

ಇನ್ನೊಂದು ಗೊಂದಲ. 2012ರ ಫೆಬ್ರವರಿಯಲ್ಲಿ ರೇಂಜರ್ಸ್ ದಿವಾಳಿಯ ಅಂಚಿನಲ್ಲಿ ಮುಗ್ಗರಿಸಿದ್ದಕ್ಕೆ ನೇರ ಕಾರಣ ಈ ಟ್ರಸ್ಟ್ ಅಲ್ಲ, ಆ ಮೊಕದ್ದಮೆ ಆಗಿನ್ನೂ ತೀರ್ಮಾನವಾಗಿರಲಿಲ್ಲ. 2011ರಲ್ಲಿ ಒಂದು ಪೌಂಡಿಗೆ ಕ್ಲಬ್ ಕೊಂಡ ಕ್ರೇಗ್ ವೈಟ್ ಕಾಲದಲ್ಲಿ, ಸಂಬಳದಿಂದ ಹಿಡಿದ ತೆರಿಗೆಯನ್ನು (ನಮ್ಮ ಟಿಡಿಎಸ್ ಥರದ್ದು) ಸರಕಾರಕ್ಕೆ ಕಟ್ಟಲಿಲ್ಲ. ಎರಡನ್ನೂ ಬೇರೆಬೇರೆ ಬರೆದಿಟ್ಟುಕೊಳ್ಳಿ: ಒಂದು, ತೆರಿಗೆ ಬೀಳದಂತೆ ಮಾಡಿದ್ದು, ಇನ್ನೊಂದು, ಹಿಡಿದ ತೆರಿಗೆಯನ್ನು ಕಟ್ಟದೆ ಇದ್ದದ್ದು.

ಹಳೆಯ ಕಂಪನಿ ಮುಚ್ಚಿತು. ಹೊಸ ಕಂಪನಿಯ ಕೈಯಲ್ಲಿ ತಂಡ ನಾಲ್ಕನೇ ದರ್ಜೆಯಿಂದ ಶುರುಮಾಡಿತು. 1872ರ ಕ್ಲಬ್ಬೇ ಸತ್ತಿತು ಎನ್ನುತ್ತದೆ ಒಂದು ಬಳಗ. ಸತ್ತದ್ದು ಕಂಪನಿ ಮಾತ್ರ ಎನ್ನುತ್ತದೆ ಇನ್ನೊಂದು. 2021ರಲ್ಲಿ ಲೀಗ್ ಗೆದ್ದಾಗ ರೇಂಜರ್ಸ್‌ನವರು ಎಣಿಸಿದ್ದು 55 ಲೀಗ್ ಗೆಲುವು, ಸೆಲ್ಟಿಕ್‌ನವರು ಎಣಿಸಿದ್ದು 1.