ವೆರ್ಗಿನಾ: ದಿಬ್ಬದಡಿಯ ರಾಜಧಾನಿ, ಬಾವುಟದ ಮೇಲಿನ ಜಗಳ

ಉತ್ತರ ಗ್ರೀಸಿನ ವೆರ್ಗಿನಾ ಬೆಟ್ಟದ ಬುಡದಲ್ಲಿರುವ ಸಣ್ಣ ಊರು. 1999ರಿಂದ 2010ರವರೆಗೆ ಅದಕ್ಕೆ ತನ್ನದೇ ಪುರಸಭೆಯಿತ್ತು. ಆಡಳಿತ ಘಟಕಗಳ ಮರುವಿಂಗಡಣೆಯಾದಾಗ, 2011ರಲ್ಲಿ, ಪಕ್ಕದ ವೆರಿಯಾ ಪುರಸಭೆಯೊಳಗೆ ಸೇರಿಹೋಯಿತು. ಈ ಊರಿನ ಮಣ್ಣಿನಡಿ ಸಿಕ್ಕ ಚಿನ್ನದ ಪೆಟ್ಟಿಗೆಯೊಂದರ ಮುಚ್ಚಳದ ಮೇಲಿದ್ದ ನಕ್ಷತ್ರಕ್ಕಾಗಿ ಎರಡು ದೇಶಗಳು ಕಾಲು ಶತಮಾನ ಕಿತ್ತಾಡಿದವು.

ಊರು ಹುಟ್ಟಿದ್ದು ತೀರ ಈಚೆಗೆ, 1920ರ ದಶಕದಲ್ಲಿ. ಗ್ರೀಸ್ ಮತ್ತು ತುರ್ಕಿಯ ನಡುವೆ ಜನರ ವಿನಿಮಯವಾದ ಕಾಲವದು. ಏಷ್ಯಾ ಮೈನರ್ ಮತ್ತು ಬಲ್ಗೇರಿಯಾದಿಂದ ಬಂದ ಗ್ರೀಕ್ ಕುಟುಂಬಗಳಿಗೆ ಇಲ್ಲಿ ಜಮೀನು ಹಂಚಲಾಯಿತು. ಕೂಟ್ಲೆಸ್, ಬಾರ್ಬೆಸ್ ಎಂಬ ಎರಡು ಪುಟ್ಟ ಹಳ್ಳಿಗಳಿದ್ದ ಜಾಗ ವೆರ್ಗಿನಾ ಎಂಬ ಹೊಸ ಹೆಸರು ಪಡೆಯಿತು. ಬಂದವರು ಇಳಿಜಾರಿನ ಮೇಲಿದ್ದ ಪಾಳು ಅರಮನೆಯ ಕಲ್ಲುಗಳನ್ನು ಹೊತ್ತು ತಂದು ಮನೆ ಕಟ್ಟಿಕೊಂಡರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಎಲ್ಲವನ್ನೂ ಬಿಟ್ಟು ಬಂದವರಿಗೆ ಮೊದಲು ಬೇಕಾದದ್ದು ಸೂರು. ಅದು ಯಾರ ಅರಮನೆಯೆಂದು ಆಗ ವಿದ್ವಾಂಸರಿಗೂ ತಿಳಿದಿರಲಿಲ್ಲ.

ಫ್ರಾನ್ಸಿನ ಲಿಯೋನ್ ಹ್ಯೂಜೆ 1861ರಲ್ಲೇ ಇಲ್ಲಿ ಅಗೆದು ಅರಮನೆಯ ಒಂದು ಭಾಗವನ್ನೂ ಒಂದು ಸಮಾಧಿಯನ್ನೂ ಕಂಡಿದ್ದರು. ಮಲೇರಿಯಾದ ಭಯದಿಂದ ಕೆಲಸ ನಿಂತಿತು. ಪ್ರಾಚೀನ ಮಕೆದೋನಿಯಾದ ಅರಸರ ಮೊದಲ ರಾಜಧಾನಿ ಐಗೈ ಇರುವುದು ಉತ್ತರ ಗ್ರೀಸಿನ ಇನ್ನೊಂದು ಊರಾದ ಎಡೆಸಾದಲ್ಲಿ ಎಂಬ ನಂಬಿಕೆಯೇ ಬಹುಕಾಲ ನಡೆದುಬಂತು. ಅದು ವೆರ್ಗಿನಾದಲ್ಲೇ ಇರಬೇಕೆಂದು ಇತಿಹಾಸಕಾರ ಹ್ಯಾಮಂಡ್ 1968ರಲ್ಲಿ ವಾದಿಸಿದರು.

ಆ ವಾದಕ್ಕೆ ಬಲ ಬಂದದ್ದು ಒಡೆದ ಕಲ್ಲುಗಳಿಂದ. ಊರಿನ ಅಂಚಿನಲ್ಲಿ ಸುಮಾರು 110 ಮೀಟರ್ ಅಡ್ಡಳತೆಯ, 12 ಮೀಟರ್ ಎತ್ತರದ ಮಣ್ಣಿನ ದಿಬ್ಬವಿತ್ತು. ಅದನ್ನು ಅಗೆಯುತ್ತಿದ್ದ ಥೆಸಲೊನೀಕಿಯ ಪ್ರಾಧ್ಯಾಪಕ ಮನೋಲಿಸ್ ಆಂಡ್ರೋನಿಕೋಸ್ ಅವರಿಗೆ ಮಣ್ಣಿನಲ್ಲಿ ತುಂಡು ತುಂಡಾದ ಸಮಾಧಿಶಿಲೆಗಳು ಸಿಗುತ್ತ ಹೋದವು. ಗೋರಿಕಲ್ಲುಗಳನ್ನು ಒಡೆದವರು ಯಾರು? ದೊರೆ ಪಿರಸ್ ಕಾವಲಿಗೆ ಬಿಟ್ಟಿದ್ದ ಗಾಲ್ ಸೈನಿಕರು ಐಗೈಯ ರಾಜಸಮಾಧಿಗಳನ್ನು ಕೊಳ್ಳೆ ಹೊಡೆದರೆಂದು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಕ್ರಿಸ್ತಪೂರ್ವ 3ನೆಯ ಶತಮಾನದ ಆ ಲೂಟಿಯ ಗುರುತೇ ಇದು, ಹಾಗಾಗಿ ಇದೇ ಐಗೈ ಎಂದು ಆಂಡ್ರೋನಿಕೋಸ್ ತರ್ಕಿಸಿದರು. ನಿಧಿ ಸಿಗುವ ಮುಂಚೆಯೇ ನಡೆದ ಈ ತಾಳ್ಮೆಯ ಯೋಚನೆಯೇ ಇಡೀ ಉತ್ಖನನದ ಅತಿ ದೊಡ್ಡ ಸಾಧನೆ ಎಂದು ನಾನು ಭಾವಿಸುತ್ತೇನೆ.

1977ರ ನವೆಂಬರ್ 8ರಂದು ಅವರು ಕಮಾನಿನ ಒಂದು ಕಲ್ಲು ತೆಗೆಸಿ ಕೆಳಗಿಳಿದರು. ಕಳ್ಳರ ಕೈ ತಾಗದ ಕೋಣೆ. ಅಮೃತಶಿಲೆಯ ಪೆಟ್ಟಿಗೆಯೊಳಗೆ ಚಿನ್ನದ ಪೆಟ್ಟಿಗೆ, ಅದರಲ್ಲಿ ಚಿತೆಯಿಂದ ಆಯ್ದಿಟ್ಟ ಮೂಳೆಗಳು, ಓಕ್ ಎಲೆಗಳ ಚಿನ್ನದ ಕಿರೀಟ. ಮುಚ್ಚಳದ ಮೇಲೆ ಹದಿನಾರು ಕಿರಣಗಳ ನಕ್ಷತ್ರ. ಮುಂಕೋಣೆಯಲ್ಲಿ ಒಬ್ಬ ಹೆಂಗಸಿನ ಮೂಳೆಗಳಿದ್ದವು. ಇದು ಅಲೆಕ್ಸಾಂಡರನ ತಂದೆ, ಕ್ರಿಸ್ತಪೂರ್ವ 336ರಲ್ಲಿ ಐಗೈಯ ರಂಗಮಂದಿರದಲ್ಲೇ ಕೊಲೆಯಾದ ಎರಡನೆಯ ಫಿಲಿಪ್‌ನ ಸಮಾಧಿ ಎಂದು ಆಂಡ್ರೋನಿಕೋಸ್ ಘೋಷಿಸಿದರು.

ನಕ್ಷತ್ರ ಗ್ರೀಸಿನ ರಾಷ್ಟ್ರಾಭಿಮಾನದ ಗುರುತಾಗಲು ತಡವಾಗಲಿಲ್ಲ. ಯುಗೊಸ್ಲಾವಿಯಾ ಒಡೆದು ಸ್ವತಂತ್ರವಾದ ಮಕೆದೋನಿಯಾ ಗಣರಾಜ್ಯ 1992ರಲ್ಲಿ ಅದನ್ನೇ ತನ್ನ ಬಾವುಟಕ್ಕೆ ಹಾಕಿಕೊಂಡಿತು. ತನ್ನ ಉತ್ತರ ಪ್ರಾಂತ್ಯಕ್ಕೂ ಇರುವ ಮಕೆದೋನಿಯಾ ಎಂಬ ಹೆಸರಿನ ಬಗ್ಗೆ ಮೊದಲೇ ಸಿಟ್ಟಾಗಿದ್ದ ಗ್ರೀಸ್ ಇನ್ನಷ್ಟು ಕೆರಳಿ, 1994ರಲ್ಲಿ ಆ ದೇಶದೊಂದಿಗಿನ ವ್ಯಾಪಾರವನ್ನೇ ತಡೆಯಿತು. 1995ರ ಮಧ್ಯಂತರ ಒಪ್ಪಂದದ ನಂತರ ಬಾವುಟ ಬದಲಾಯಿತು. ಹೆಸರಿನ ವಿವಾದ 2018ರ ಪ್ರೆಸ್ಪಾ ಒಪ್ಪಂದದವರೆಗೂ ಎಳೆಯಿತು. ದೇಶ ಉತ್ತರ ಮಕೆದೋನಿಯಾ ಆಯಿತು. ಸಾರ್ವಜನಿಕ ಸ್ಥಳಗಳಿಂದಲೂ ನಕ್ಷತ್ರವನ್ನು ತೆಗೆಯಲು ಅದು ಒಪ್ಪಿಕೊಂಡಿತು. ಇಂಥ ನಕ್ಷತ್ರ ಪ್ರಾಚೀನ ಗ್ರೀಕ್ ಕಲೆಯಲ್ಲಿ ಹಲವೆಡೆ ಕಾಣುವ ಅಲಂಕಾರ. ಅದು ನಿಜಕ್ಕೂ ರಾಜಮನೆತನದ ಲಾಂಛನವಾಗಿತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎರಡೂ ಕಡೆಯ ನಾಯಕರು ಆ ಅನುಮಾನಕ್ಕೆ ಕಿವಿಗೊಟ್ಟಿದ್ದರೆ ಚೆನ್ನಾಗಿತ್ತು.

ಸಮಾಧಿಯ ಒಡೆಯನ ಬಗೆಗೂ ಚರ್ಚೆ ಮುಗಿದಿಲ್ಲ. ಅಲ್ಲಿರುವುದು ಅಲೆಕ್ಸಾಂಡರನ ಮಲಸಹೋದರ, ಕ್ರಿಸ್ತಪೂರ್ವ 317ರಲ್ಲಿ ಕೊಲೆಯಾದ ಫಿಲಿಪ್ ಅರಿಡಿಯಸ್ ಎಂಬುದು ಒಂದು ಪಕ್ಷ. ಎರಡನೆಯ ಫಿಲಿಪ್ ಇರುವುದು ಅದರ ಪಕ್ಕದ, ಒಂದನೆಯದೆಂದು ಕರೆಯುವ ಸಮಾಧಿಯಲ್ಲಿ, ಅಲ್ಲಿ ಸಿಕ್ಕ ಬೆಸೆದುಕೊಂಡ ಮೊಣಕಾಲಿನ ಮೂಳೆ ಅವನ ಕುಂಟುತನಕ್ಕೆ ಸಾಕ್ಷಿ ಎಂದು 2015ರ ಅಧ್ಯಯನವೊಂದು ವಾದಿಸಿತು. ಆ ಮೂಳೆಗಳು ಫಿಲಿಪ್ ಸಾಯುವುದಕ್ಕೂ ಹಲವು ವರ್ಷ ಹಿಂದಿನವು, ಅವನಿಗಿಂತ ಕಿರಿಯನವು ಎಂದು 2025ರ ಸಂಶೋಧನೆ ಹೇಳಿತು. ಹಾಗಾದರೆ ಚಿನ್ನದ ಪೆಟ್ಟಿಗೆ ಸಿಕ್ಕ ಎರಡನೆಯ ಸಮಾಧಿ ಫಿಲಿಪ್‌ನದೇ ಎಂಬ ಹಳೆಯ ಅಭಿಪ್ರಾಯಕ್ಕೆ ಬಲ ಬರುತ್ತದೆ. ಆದರೂ ಅಷ್ಟರಿಂದಲೇ ಅದು ಸಾಬೀತಾಗುವುದಿಲ್ಲ.

ಐಗೈಯನ್ನು ಯುನೆಸ್ಕೊ 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಮಾಧಿಗಳು ಇದ್ದಲ್ಲೇ ಇವೆ. ಅವುಗಳ ಮೇಲೆ ದಿಬ್ಬದ ಆಕಾರದಲ್ಲೇ ವಸ್ತುಸಂಗ್ರಹಾಲಯ ಎದ್ದಿದೆ. ನಿರಾಶ್ರಿತರು ಕಲ್ಲು ಹೊತ್ತಿದ್ದ ಅರಮನೆಯಲ್ಲಿ ಹದಿನಾರು ವರ್ಷಗಳ ದುರಸ್ತಿ ನಡೆಯಿತು. 2024ರ ಜನವರಿಯಿಂದ ಅದು ನೋಡುಗರಿಗೆ ತೆರೆದಿದೆ.