ತಲೆಬರಹ ಬರೆದವಳು ಅವಳಲ್ಲ

2023ರ ಅಕ್ಟೋಬರ್‌ನ ಒಂದು ಸಂಜೆ ಅಕ್ಕನ ಮಗ ಡೊಂಬಿವಲಿಯಿಂದ ಸೀದಾ ಮುಂಬೈ ಮಾಟುಂಗಾದ ನಮ್ಮ ಮನೆಗೆ ಬಂದ. ಹೆಗಲಿನ ಬ್ಯಾಗ್ ಕೆಳಗಿಡಲಿಲ್ಲ, ನೀರು ಕೂಡ ಕೇಳಲಿಲ್ಲ. ನಾಲ್ಕಾಗಿ ಮಡಚಿದ ಪೇಪರ್ ನನ್ನ ಮುಂದೆ ಹಿಡಿದ. "ಮಾಮಾ, ಇದನ್ನು ಬರೆದವಳಿಗೆ ಬುದ್ಧಿ ಇಲ್ವಾ?"

ತಲೆಬರಹ ಹೀಗಿತ್ತು: 'ಕೀತ್ ಗಿಟಾರ್‌ಗೆ ಸಂಧಿವಾತದ ಪೆಟ್ಟು'. ಕೆಳಗೆ ನಮ್ಮ ಪತ್ರಿಕೆಯ ವರದಿಗಾರ್ತಿಯ ಹೆಸರು, ಇಮೇಲ್ ವಿಳಾಸ. ಬ್ರಿಟನ್ನಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ಗಿಟಾರಿಗ ಕೀತ್ ರಿಚರ್ಡ್ಸ್ ಎಂದರೆ ಈ ಹುಡುಗನಿಗೆ ಪ್ರಾಣ. ಅಷ್ಟರಲ್ಲಾಗಲೇ ಅವನೂ ಅವನ ಇಬ್ಬರು ಗೆಳೆಯರೂ ಆ ಹುಡುಗಿಗೆ ಖಾರವಾಗಿ ಮೇಲ್ ಕಳಿಸಿ ಆಗಿತ್ತು.

"ಸುದ್ದಿ ಓದಿದ್ಯಾ?" ಎಂದೆ.

"ಹೆಡಿಂಗ್ ನೋಡಿದ್ರೆ ಗೊತ್ತಾಗಲ್ವಾ?"

ಪತ್ರಿಕೆಗಳಲ್ಲಿ ಸುದ್ದಿ ತಿದ್ದಿ ಪುಟ ಕಟ್ಟುವ ಡೆಸ್ಕ್‌ನಲ್ಲಿ 26 ವರ್ಷ ಕೂತಿದ್ದೇನೆ. ಈ ಮಾತು ಕೇಳಿದಾಗೆಲ್ಲ ಮೈ ಉರಿಯುತ್ತದೆ. ಸುದ್ದಿ ಬರೆದವರು ತಲೆಬರಹ ಬರೆಯುವುದಿಲ್ಲ. ದಯವಿಟ್ಟು ಇನ್ನೊಮ್ಮೆ ಓದಿ. ಹೆಸರು ಯಾರದ್ದಿದೆಯೋ ಅವರು ಆ ದಪ್ಪ ಅಕ್ಷರದ ಸಾಲು ಬರೆದಿರುವುದಿಲ್ಲ. ಹೆಚ್ಚಿನ ಸಲ ಬೆಳಿಗ್ಗೆ ನಿಮ್ಮ ಹಾಗೆ ಪೇಪರ್ ಬಿಡಿಸಿದಾಗಲೇ ಅವರೂ ಅದನ್ನು ಮೊದಲು ನೋಡುವುದು. ಎಲ್ಲ ಕಡೆಯೂ ಹೀಗೇ ಎಂದು ನಾನು ಹೇಳಲಾರೆ. ಸಣ್ಣ ಪತ್ರಿಕೆಗಳಲ್ಲಿ ಒಬ್ಬರೇ ಎಲ್ಲ ಮಾಡುತ್ತಾರೆ. ವೆಬ್‌ಗೆ ಬರೆಯುವಾಗ ವರದಿಗಾರರೇ ಎರಡು ಮೂರು ತಲೆಬರಹ ಕೊಡುವುದೂ ಉಂಟು. ಆದರೆ ಅಚ್ಚಿನ ಪುಟದಲ್ಲಿ ಅದು ರಾತ್ರಿ ಪಾಳಿಯ ಉಪಸಂಪಾದಕನ ಕೆಲಸ.

ಆ ದಿನ ಏನಾಯಿತು ಎಂದು ಆಮೇಲೆ ಡೆಸ್ಕ್‌ನಲ್ಲಿ ಕೇಳಿ ತಿಳಿದುಕೊಂಡೆ. ಹುಡುಗಿ ತನ್ನ ಕಾಪಿಯ, ಅಂದರೆ ಬರೆದುಕೊಟ್ಟ ಸುದ್ದಿಯ, ಮೇಲೆ ಸುಮ್ನೆ ಗುರುತಿಗೆಂದು ಹೀಗೆ ಬರೆದಿದ್ದಳು: 'ಸಂಧಿವಾತದಿಂದ ಗಿಟಾರ್ ನುಡಿಸುವ ರೀತಿ ಬದಲಾಗಿದೆ, ಆದರೆ ನೋವಿಲ್ಲ: ಕೀತ್ ರಿಚರ್ಡ್ಸ್'. ಒಳ್ಳೆಯ ಸಾಲು. ಪುಟದಲ್ಲಿ ಇದ್ದದ್ದು ಎರಡು ಕಾಲಂ ಜಾಗ, ಎರಡು ಸಾಲು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದಲ್ವಾ, ಹಾಗಾಗಿ ಸಾಲುಗಳನ್ನು ಒತ್ತೊತ್ತಾಗಿ ಕೂರಿಸಲೂ ಆಗುವುದಿಲ್ಲ. ಮೊದಲು ಹೋದದ್ದು 'ರಿಚರ್ಡ್ಸ್'. ಆಮೇಲೆ 'ಆದರೆ ನೋವಿಲ್ಲ'. ಆಮೇಲೆ 'ನುಡಿಸುವ ರೀತಿ ಬದಲಾಗಿದೆ'. ಉಳಿದದ್ದು ಸಂಧಿವಾತ, ಗಿಟಾರ್, ಕೀತ್. ಈ ಮೂರನ್ನು ಜೋಡಿಸಲು ಒಂದು ಚಿಕ್ಕ ಪದ ಬೇಕಿತ್ತು. 'ಪೆಟ್ಟು' ಎಂಬುದು ಡೆಸ್ಕ್‌ನಲ್ಲಿ ಸದಾ ಕೈಗೆ ಸಿಗುವ ಪದ. ಬೆಳೆಗೂ ಪೆಟ್ಟು, ಶೇರುಪೇಟೆಗೂ ಪೆಟ್ಟು. ದೂರದ ಊರಿನ ಬಂಡಲ್ ಮೊದಲು ಹೊರಡಬೇಕು, ಪುಟ ಬಿಡಲು ಹತ್ತು ನಿಮಿಷ ಇತ್ತು. ಪೆಟ್ಟು ಅಲ್ಲಿ ಕೂತಿತು.

ಕೀತ್ ನಿಜವಾಗಿ ಬಿಬಿಸಿಗೆ ಹೇಳಿದ್ದೇನು? ಬೆರಳಿನ ಸಂಧಿವಾತ ತನ್ನ ನುಡಿಸಾಣಿಕೆಯನ್ನು ಬದಲಿಸಿರುವುದು ನಿಜ, ಆದರೆ ನೋವಿಲ್ಲ. ಒಂದು ರೀತಿ ಆಗದಿದ್ದರೆ ಗಿಟಾರೇ ಇನ್ನೊಂದು ದಾರಿ ತೋರಿಸುತ್ತದೆ ಎಂಬರ್ಥದ ಮಾತು. ಆಗ ಅವರಿಗೆ 79. ಹೊಸದಾಗಿ ಬರೆದ ಹಾಡುಗಳ ಆಲ್ಬಂ 18 ವರ್ಷಗಳ ನಂತರ ಬರುತ್ತಿತ್ತು. ಇದೆಲ್ಲ ನಮ್ಮ ಹುಡುಗಿಯ ಕಾಪಿಯಲ್ಲಿ ಐದನೇ ಪ್ಯಾರಾದಲ್ಲಿ ಇತ್ತು. ಪೇಪರನ್ನು ನಾಲ್ಕಾಗಿ ಮಡಚಿದರೆ ಐದನೇ ಪ್ಯಾರಾ ಒಳಗೆ ಹೋಗುತ್ತದೆ. ನಮ್ಮವನು ಅದನ್ನು ಬಿಡಿಸಿಯೇ ಇರಲಿಲ್ಲ!

ನನ್ನ ಕೈಯಿಂದಲೂ ಇಂಥದ್ದು ಆಗಿದೆ. 2003ರ ಏಪ್ರಿಲ್‌ನಲ್ಲಿ ಸ್ಟೋನ್ಸ್ ಬೆಂಗಳೂರಿನಲ್ಲಿ ಕಾರ್ಯಕ್ರಮ ಮುಗಿಸಿ 7ರಂದು ನಮ್ಮ ಬ್ರೆಬೋರ್ನ್ ಸ್ಟೇಡಿಯಂನಲ್ಲಿ ನುಡಿಸಿದರು. ತಂಡದ ಗಾಯಕ ಮಿಕ್ ಜಾಗರ್‌ಗೂ ಕೀತ್‌ಗೂ ಆಗ 59. ನಾನು 'ಅಜ್ಜಂದಿರ ಅಬ್ಬರ' ಎಂದು ತಲೆಬರಹ ಕೊಟ್ಟೆ. ಮನಸಾರೆ ಮೆಚ್ಚಿಯೇ ಬರೆದದ್ದು. ವರದಿ ಮಾಡಿದವರ ಕಾಪಿಯಲ್ಲಿ 'ಅಜ್ಜ' ಎಂಬ ಪದವೇ ಇರಲಿಲ್ಲ. ಬೈಗುಳ ಬಿದ್ದದ್ದು ಅವರಿಗೆ. ವಾರವಿಡೀ ಫೋನ್. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ, ಒಮ್ಮೆಯೂ ಆ ಫೋನ್ ಕೈಗೆ ತೆಗೆದುಕೊಂಡು "ಅದು ನಾನು ಬರೆದದ್ದು" ಎನ್ನಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

2007ರದ್ದು ಇನ್ನೂ ಕಷ್ಟದ್ದು. ಏಪ್ರಿಲ್‌ನಲ್ಲಿ ಬ್ರಿಟನ್ನಿನ ಎನ್‌ಎಂಇ ಎಂಬ ಸಂಗೀತ ಪತ್ರಿಕೆಗೆ ಕೀತ್, ಅಪ್ಪನ ಚಿತಾಭಸ್ಮವನ್ನು ಮೂಗಿಗೆ ಏರಿಸಿದ್ದಾಗಿ ಹೇಳಿದರು. ದೊಡ್ಡ ಸಂದರ್ಶನದ ಒಂದೇ ಮಾತು ಲೋಕವೆಲ್ಲ ಸುತ್ತಿತು. ಅಸ್ಥಿಯನ್ನು ನಾಸಿಕ್‌ಗೆ ಒಯ್ದು ಗೋದಾವರಿಯಲ್ಲಿ ಬಿಡುವ ನಮ್ಮ ಮನೆಗಳಲ್ಲಿ ಅದನ್ನು ಓದಿದಾಗ ಹೇಗನಿಸಿರಬೇಕು, ಯೋಚಿಸಿ. ಅಭಿಮಾನಿಗಳು ವರದಿಗಾರನೇ ಸುಳ್ಳು ಕಟ್ಟಿದ ಎಂದರು. ಕೀತ್ ಕಡೆಯವರೂ ಅದು ತಮಾಷೆ ಎಂದರು. 2010ರಲ್ಲಿ ಕೀತ್ ತಮ್ಮ ಆತ್ಮಕಥೆಯಲ್ಲಿ ತಾವೇ ವಿವರಿಸಿದರು: ಓಕ್ ಗಿಡದ ಬುಡಕ್ಕೆ ಹಾಕಲೆಂದು ಡಬ್ಬಿ ತೆರೆದಾಗ ಚೂರು ಬೂದಿ ಮೇಜಿನ ಮೇಲೆ ಹಾರಿ ಬಿತ್ತು, ಒರೆಸಿ ಎಸೆಯಲು ಮನಸ್ಸಾಗದೆ ಬೆರಳಲ್ಲಿ ತೆಗೆದು ಮೂಗಿಗೆ ಎಳೆದುಕೊಂಡೆ ಎಂದು. ಮೂರು ವರ್ಷ ಸುಳ್ಳುಗಾರ ಅನ್ನಿಸಿಕೊಂಡವನ ಹತ್ತಿರ ಯಾರಾದರೂ ಹೋಗಿ ತಪ್ಪಾಯ್ತು ಅಂದರಾ?

ಒಂದು ಸಾಲನ್ನು ಎಲ್ಲಿ ಇಡುತ್ತೇವೆ ಎಂಬುದರಿಂದ ಎಷ್ಟು ಅನಾಹುತ ಆಗಬಹುದು ಎನ್ನಲು ಬೀಟಲ್ಸ್ ಎಂಬ ಬ್ರಿಟಿಷ್ ಸಂಗೀತ ತಂಡದ ಜಾನ್ ಲೆನನ್ ವಿಷಯವೇ ಸಾಕು. 1966ರ ಮಾರ್ಚ್ 4ರಂದು ಲಂಡನ್ನಿನ ಈವ್ನಿಂಗ್ ಸ್ಟ್ಯಾಂಡರ್ಡ್‌ನಲ್ಲಿ ಮೌರೀನ್ ಕ್ಲೀವ್ ಬರೆದ ಲೇಖನದ ನಡುವೆ, ಬೀಟಲ್ಸ್ ಈಗ ಯೇಸುವಿಗಿಂತ ಜನಪ್ರಿಯರು ಎಂಬ ಲೆನನ್ ಮಾತಿತ್ತು. ಅಲ್ಲಿ ಯಾರೂ ಗದ್ದಲ ಮಾಡಲಿಲ್ಲ. ಜುಲೈ ಕೊನೆಗೆ ಅಮೆರಿಕದ ಡೇಟ್‌ಬುಕ್ ಪತ್ರಿಕೆ ಅದನ್ನು ಮತ್ತೆ ಅಚ್ಚು ಹಾಕಿ, ಧರ್ಮದ ಬಗ್ಗೆ ಲೆನನ್ ಆಡಿದ ಮಾತನ್ನು ಮುಖಪುಟಕ್ಕೆ ತಂದಿತು. ರೇಡಿಯೊಗಳು ಹಾಡು ನಿಲ್ಲಿಸಿದವು, ಜನ ರೆಕಾರ್ಡ್‌ಗಳನ್ನು ರಾಶಿ ಹಾಕಿ ಸುಟ್ಟರು. ಆಗಸ್ಟ್ 11ರಂದು ಷಿಕಾಗೊದಲ್ಲಿ ಲೆನನ್ ಕ್ಷಮೆ ಕೇಳಬೇಕಾಯಿತು. ಬರೆದ ಕ್ಲೀವ್ ಕೊನೆಯವರೆಗೂ ಅವರ ಪರವಾಗಿಯೇ ನಿಂತರು.

ಹಾಗಾದರೆ ಅಭಿಮಾನಿ ಸಿಟ್ಟು ಮಾಡಲೇಬಾರದಾ? ಮಾಡಲಿ. ನನಗೆ ಈ ಹುಡುಗರ ಮೇಲೆ ಪ್ರೀತಿ ಇದೆ. ಅವರಷ್ಟು ಕಣ್ಣಿಟ್ಟು ಓದುವವರು, ಗಿಟಾರಿಗನನ್ನು 'ಗಾಯಕ' ಎಂದು ಬರೆದರೆ ಹಿಡಿಯುವವರು ಬೇರೆ ಯಾರಿದ್ದಾರೆ? ಆದರೆ ಪತ್ರ ಸಂಪಾದಕರಿಗೆ ಹೋಗಬೇಕು. ತಾರೀಕು, ಪುಟ, ತಲೆಬರಹ, ಅದಕ್ಕೆ ಹೊಂದದ ಒಳಗಿನ ಸಾಲು, ಇಷ್ಟು ಸಾಕು. ನಿಜಕ್ಕೂ ದೊಡ್ಡ ತಪ್ಪಾಗಿದ್ದು, ಸಂಪಾದಕರು ಕಿವಿಗೊಡದಿದ್ದರೆ ಪತ್ರಿಕೆಗಳ ಮೇಲಿನ ದೂರು ಕೇಳುವ ಪ್ರೆಸ್ ಕೌನ್ಸಿಲ್ ಇದೆ. ದಿನಪತ್ರಿಕೆಯಾದರೆ ಅಚ್ಚಾದ ಎರಡು ತಿಂಗಳೊಳಗೆ ದೂರು ಕೊಡಬೇಕು, ಅದಕ್ಕೂ ಮೊದಲು ಸಂಪಾದಕರಿಗೆ ಬರೆದಿರಬೇಕು. ಅದು ಛೀಮಾರಿ ಹಾಕಬಹುದು, ದಂಡ ಹಾಕಲಾರದು. ನೆಚ್ಚಿನ ಕಲಾವಿದನ ಬಗ್ಗೆ ವಿಮರ್ಶೆ ಖಾರವಾಗಿತ್ತು ಎಂದಷ್ಟೇ ಅಲ್ಲಿಗೆ ಹೋದರೆ ಪ್ರಯೋಜನ ಆಗಲಿಕ್ಕಿಲ್ಲ.

ಆ ಸಂಜೆ ಹುಡುಗನನ್ನು ಕೂರಿಸಿ, ಪೇಪರ್ ಪೂರ್ತಿ ಬಿಡಿಸಿ, ಐದನೇ ಪ್ಯಾರಾ ಗಟ್ಟಿಯಾಗಿ ಓದಿಸಿದೆ. ಓದಿ ಸುಮ್ಮನಾದ. ಚಹಾ ಕುಡಿಯುತ್ತಾ ಫೋನಿನಲ್ಲೇ ಸಂಪಾದಕರಿಗೆ ನಾಲ್ಕು ಸಾಲು ಬರೆದ. ಮರುದಿನ ವೆಬ್‌ನಲ್ಲಿ ತಲೆಬರಹ 'ನೋವಿಲ್ಲ, ನುಡಿಸುವ ರೀತಿ ಬೇರೆ: ಕೀತ್' ಎಂದು ಬದಲಾಗಿತ್ತು. ಹುಡುಗಿಗೂ ಕ್ಷಮೆ ಕೇಳಿ ಬರೆದನಂತೆ. ಅವಳು, ಸ್ಟೋನ್ಸ್ ಕೇಳಲು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದಳಂತೆ. ಇವನು ಕಳಿಸಿದ ಪಟ್ಟಿಯನ್ನು ನನಗೂ ತೋರಿಸಿದ. 41 ಹಾಡುಗಳಿದ್ದವು.