ಬಾಲಯೇಸುವಿನ ಬೆನ್ನ ಹಿಂದಿನ ತೂತುಗಳು

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಿಂದ ಹಿಡಿದು ಹಳೇ ಗೋವಾದ ಕ್ರೈಸ್ತ ಕಲಾ ಮ್ಯೂಸಿಯಂವರೆಗೆ ಹಲವು ಕಡೆ ಈ ಬಾಲಯೇಸು ಸಿಗುತ್ತಾನೆ. ಗೋವಾದಲ್ಲಿ, ಹೆಚ್ಚಾಗಿ 17ನೇ ಶತಮಾನದಲ್ಲಿ, ಆನೆದಂತದಲ್ಲಿ ಕೆತ್ತಿದ 'ಒಳ್ಳೇ ಕುರುಬ' ಮೂರ್ತಿ, ಅಂದರೆ ಕುರಿ ಕಾಯುವವನ ರೂಪದ ಯೇಸು. ಬೆಟ್ಟದ ತುದಿಯಲ್ಲಿ ಕೂತ ಮಗು ಕೆನ್ನೆಗೆ ಕೈ ಕೊಟ್ಟು ಕಣ್ಣು ಮುಚ್ಚಿದೆ. ಹೆಗಲ ಮೇಲೊಂದು ಕುರಿಮರಿ, ಮಡಿಲಲ್ಲೊಂದು. ಸೊಂಟಕ್ಕೆ ಸೋರೆಬುರುಡೆ. ಕೆಳಗೆ ಕಾರಂಜಿ, ನೀರು ಕುಡಿಯುವ ಹಕ್ಕಿಗಳು. ಇನ್ನೂ ಕೆಳಗೆ, ಗುಹೆಯೊಳಗೆ ಒರಗಿಕೊಂಡು ಪುಸ್ತಕ ಓದುತ್ತಿರುವ, ಯೇಸುವಿನ ಶಿಷ್ಯೆ ಮಗ್ದಲದ ಮರಿಯ. ಇಷ್ಟೆಲ್ಲ ಒಂದೆರಡು ಗೇಣು ಎತ್ತರದೊಳಗೆ!

ಪಕ್ಕದ ಲೇಬಲ್ಲಿನಲ್ಲಿ ಸಾಮಾನ್ಯವಾಗಿ 'ಬುದ್ಧನ ಪ್ರಭಾವ' ಅಂತ ಇರುತ್ತದೆ. ಕೆಲವರಿಗೆ ದನ ಕಾಯುವ ಕೃಷ್ಣ ನೆನಪಾಗುತ್ತಾನೆ. ಹೋಲಿಕೆ ಕಣ್ಣಿಗೆ ಕಾಣುತ್ತದೆ, ನಿಜ. ಆದರೆ ಅಷ್ಟಕ್ಕೇ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಆ ಹೊತ್ತಿಗೆ ಕೊಂಕಣದಲ್ಲಿ ಬೌದ್ಧ ಧರ್ಮ ಮರೆಯಾಗಿ ಶತಮಾನಗಳೇ ಆಗಿದ್ದವು. ಕೆನ್ನೆಗೆ ಕೈ ಕೊಟ್ಟ ಭಂಗಿ ಯುರೋಪಿನ ಚಿತ್ರಗಳಲ್ಲೂ ಬೇಕಾದಷ್ಟಿದೆ. ಪಾದ್ರಿಗಳು ತಂದ ಅಚ್ಚಿನ ಚಿತ್ರಗಳು ಕೆತ್ತುವವರ ಕೈಗೂ ಬರುತ್ತಿದ್ದವು. ಕ್ರೈಸ್ತರಲ್ಲದ ಕುಶಲಕರ್ಮಿಗಳು ಇಂಥ ಮೂರ್ತಿ ಮಾಡಬಾರದು ಎಂದು 1567ರಲ್ಲೇ ಗೋವಾದ ಚರ್ಚ್ ಸಭೆ ನಿಷೇಧ ಹಾಕಿತು. ಅಂದರೆ ಅವರು ಮಾಡುತ್ತಿದ್ದರು, ಅಲ್ವಾ? ಅವರ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಅದಕ್ಕೇ ನಾನು ಮೂರ್ತಿಯನ್ನೇ ಜಾಸ್ತಿ ನಂಬುತ್ತೇನೆ. ತಿರುಗಿಸಿ ನೋಡಿದರೆ ಎಷ್ಟೋ ಮೂರ್ತಿಗಳ ಹಿಂಭಾಗದಲ್ಲಿ, ಪಕ್ಕಗಳಲ್ಲಿ ಸಣ್ಣ ತೂತುಗಳಿವೆ. ಬೇರೆಯಾಗಿ ಕೆತ್ತಿದ ಕೊಂಬೆಗಳನ್ನು ಸಿಕ್ಕಿಸುತ್ತಿದ್ದ ಜಾಗ ಅದು. ಪೂರ್ತಿ ಉಳಿದಿರುವ ಕೆಲವೇ ಮೂರ್ತಿಗಳಲ್ಲಿ ಮಗುವಿನ ಹಿಂದೆ ಒಂದು ಮರ, ಅದರ ಮೇಲೆ ತಂದೆಯಾದ ದೇವರು ಕಾಣುತ್ತಾರೆ. ಮರ ಕಳೆದುಹೋದ ಮೇಲೆ ನಮಗೆ ಉಳಿದಿರುವುದು ಒಂಟಿಯಾಗಿ ಧ್ಯಾನಕ್ಕೆ ಕೂತಂತಿರುವ ಮಗು. 'ಬುದ್ಧ' ಅನ್ನಿಸುವುದರಲ್ಲಿ ಈ ನಷ್ಟದ ಪಾಲೂ ಇದೆ. ಕೂದಲಿನ ಗೆರೆಗಳಲ್ಲಿ, ಬಟ್ಟೆಯ ಅಂಚಿನಲ್ಲಿ ಕೆಲವೊಮ್ಮೆ ಚಿನ್ನದ ಲೇಪ, ಬಣ್ಣದ ಚೂರು ಉಳಿದಿರುತ್ತದೆ. ನಾವು ಮೆಚ್ಚುವ ಈ ಬರೀ ಬಿಳುಪು ಭಕ್ತರು ಕಂಡದ್ದಲ್ಲ.

ದಂತವೂ ಹೆಚ್ಚಾಗಿ ನಮ್ಮ ಕಾಡಿನದಲ್ಲ. ಪೋರ್ಚುಗೀಸರ ಹಡಗುಗಳಲ್ಲಿ ಮೊಜಾಂಬಿಕ್ ಕಡೆಯಿಂದ ಬಂದ ಆಫ್ರಿಕಾದ ಆನೆಯದು. ಆ ಬೇಟೆ, ಆ ವ್ಯಾಪಾರದ ಬಗ್ಗೆ ಲೇಬಲ್ಲುಗಳು ಮಾತಾಡುವುದು ತೀರ ಕಡಿಮೆ.

ಸಂಗ್ರಹದ ದಾಖಲೆಗಳದ್ದು ಇನ್ನೂ ಬೇಸರದ ವಿಷಯ. 1835ರಲ್ಲಿ ಗೋವಾದ ಸನ್ಯಾಸಿ ಮಠಗಳನ್ನು ಮುಚ್ಚಿಸಿದಾಗ ಅವುಗಳ ಸಾಮಾನು ಚೆಲ್ಲಾಪಿಲ್ಲಿಯಾಯಿತು. ಮನೆಗಳ ದೇವರಗೂಡಿನ ಮೂರ್ತಿಗಳೂ ಕೈಯಿಂದ ಕೈಗೆ ಹೋದವು. ಕೊನೆಗೆ ಮ್ಯೂಸಿಯಂ ಪುಸ್ತಕದಲ್ಲಿ ಉಳಿಯುವುದು ಮಾರಿದವರ ಅಥವಾ ದಾನ ಕೊಟ್ಟವರ ಹೆಸರು. ಮೂರ್ತಿಯ ಮುಂದೆ ಯಾರು ಮೊಣಕಾಲೂರಿದ್ದರು ಎಂಬ ಮಾಹಿತಿ ಬಹುಪಾಲು ಇಲ್ಲ. ಈಗ ಹೊಸದಾಗಿ ಕೊಳ್ಳುವುದೂ ಸುಲಭವಲ್ಲ. 2022ರ ಜೂನ್‌ನಿಂದ ಬ್ರಿಟನ್ನಿನಲ್ಲಿ ಕೆಲವು ವಿನಾಯಿತಿ ಬಿಟ್ಟರೆ ದಂತದ ವ್ಯವಹಾರವೇ ಬಂದ್. ಹಾಗಾಗಿ ಇರುವುದನ್ನೇ ಸರಿಯಾಗಿ ವಿವರಿಸಬೇಕು.

ನಾನಾದರೆ ಲೇಬಲ್ಲಿನಲ್ಲಿ ಹೀಗೆ ಬರೆಯುತ್ತೇನೆ: ಕೆತ್ತಿದ್ದು ಗೋವಾದಲ್ಲಿ. ದಂತ ಬಹುಶಃ ಆಫ್ರಿಕಾದ್ದು. ಹಿಂದಿನ ಮರ ಕಳೆದಿದೆ. ಬಣ್ಣ ಹೆಚ್ಚುಕಡಿಮೆ ಅಳಿಸಿದೆ. ಕೆತ್ತಿದವರ ಹೆಸರನ್ನಾಗಲಿ, ಪೂಜಿಸಿದವರ ಹೆಸರನ್ನಾಗಲಿ ದಾಖಲಿಸಿಲ್ಲ.